ಆಮಂತ್ರಣದ ಜೊತೆ ಇನ್‌ವಾಯ್ಸ್

ಹಬ್ಬಕ್ಕೆ ಕರೆದವರು ಊಟ ಹಾಕಬೇಕು. ನಮ್ಮ ಕಡೆ ಇದನ್ನು ಯಾರೂ ಯಾರಿಗೂ ಹೇಳಿಕೊಡುತ್ತಿರಲಿಲ್ಲ. ನಾಮಕರಣವೋ, ಗೃಹಪ್ರವೇಶವೋ, ತಿಥಿಯೋ, ಕರೆದವರ ಮನೆಯಲ್ಲಿ ಎಲೆ ಹಾಕುತ್ತಿದ್ದರು, ಬಂದವರು ಉಣ್ಣುತ್ತಿದ್ದರು. ಬಂದವರ ಕೈಗೆ ಬಿಲ್ ಕೊಡುವ ಪದ್ಧತಿಯನ್ನು ಕಂಡುಹಿಡಿದದ್ದು ನಾವು. ಅಂದರೆ ಓದಿ ಬುದ್ಧಿವಂತರಾಗಿ ಬೆಂಗಳೂರು, ಸಿಂಗಾಪುರ, ಅಮೆರಿಕ ಸೇರಿಕೊಂಡವರು.

ಮುಂದಿನ ವರ್ಷದಿಂದ ನಮ್ಮ ಬ್ಯಾಚಿನವರಿಗೆ ಸಾಲಾಗಿ ನಲವತ್ತು ತುಂಬುತ್ತದೆ. ಮೊದಲ ಸರದಿ ಅಮೆರಿಕದಲ್ಲಿರುವ ಗೆಳೆಯನದ್ದು. ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾಲ್ಕು ವರ್ಷ ಒಂದೇ ಲ್ಯಾಬಿನಲ್ಲಿ ಹೆಣಗಿದ ಎಂಟು ಜನರ ವಾಟ್ಸಾಪ್ ಗುಂಪಿಗೆ ಅವನು ಒಂದು ಪಿಡಿಎಫ್ ಹಾಕಿದ. ಏಡ್ರಿಯಾಟಿಕ್ ಸಮುದ್ರ, ಏಳು ರಾತ್ರಿ, ‘ಸ್ಮಾಲ್ ಲಕ್ಷುರಿ ಕ್ರೂಸ್’. ಬಿಳಿ ಹಡಗು, ನೀಲಿ ನೀರು, ಬಿಳಿ ಬಟ್ಟೆ ತೊಟ್ಟು ಸುಮ್ಮನೆ ನಗುತ್ತಿರುವ ಗಂಡ ಹೆಂಡತಿ. ಕೆಳಗೆ ಸಣ್ಣ ಅಕ್ಷರದಲ್ಲಿ ದರ, ತಲೆಗೆ ಇಷ್ಟು, ಇಬ್ಬರು ಒಂದು ಕ್ಯಾಬಿನ್ ಹಂಚಿಕೊಂಡರೆ. ಅದರ ಕೆಳಗೆ ಅವನ ಮೆಸೇಜು: ‘ನಲವತ್ತು ಒಂದೇ ಸಲ ಬರೋದು ಮಗಾ, ಎಲ್ರೂ ಬೇಗ ಬ್ಲಾಕ್ ಮಾಡ್ಕೊಳ್ಳಿ.’

ಐದು ನಿಮಿಷದಲ್ಲಿ ನಾಲ್ಕು ಹೃದಯ, ಒಂದು ಬೆಂಕಿಯ ಗುರುತು. ಗುಂಪಿನಲ್ಲಿ ವಿಚ್ಛೇದನವಾಗಿ ಒಬ್ಬಳೇ ಇರುವ ಗೆಳತಿ ಒಂದೇ ಸಾಲು ಕೇಳಿದಳು: ‘ಒಬ್ಳೇ ಬಂದ್ರೆ ಎಷ್ಟಾಗುತ್ತೆ?’ ಇನ್ನಿಬ್ಬರು ಮಾತೇ ಆಡಲಿಲ್ಲ. ಒಬ್ಬ ಸರ್ಕಾರಿ ಪಾಲಿಟೆಕ್ನಿಕ್ಕಿನಲ್ಲಿ ಮೇಷ್ಟ್ರು. ಇನ್ನೊಬ್ಬ ಕೆಲಸ ಬಿಟ್ಟು ಊರಿಗೆ ಹೋಗಿ ತೆಂಗು, ಶುಂಠಿ ಅಂತ ನಿಂತವನು. ಮೂರು ದಿನ ಬಿಟ್ಟು ಮೇಷ್ಟ್ರು ಬರೆದ: ‘ಮಗಳ ಪರೀಕ್ಷೆ ಇರುತ್ತೆ ಕಣ್ರೋ, ನೋಡೋಣ.’ ಅವನ ಮಗಳು ಎರಡನೇ ಕ್ಲಾಸು.

ಇಲ್ಲಿಗೆ ನನ್ನ ಜಗಳ ಶುರು.

ಮೊದಲೇ ಹೇಳಿಬಿಡುತ್ತೇನೆ, ನಾನು ಕ್ರೂಸ್ ವಿರೋಧಿಯಲ್ಲ. ‘ರೈತರು ಸಾಯ್ತಾ ಇದಾರೆ, ನಿಮಗೆ ಹಡಗಾ?’ ಅನ್ನುವ ಪೈಕಿಯೂ ಅಲ್ಲ. ಹಳ್ಳಿಯಿಂದ ಬಂದವನು ಚೆನ್ನಾಗಿ ಬದುಕಿದರೆ ಸಾಕು, ಮೈಮೇಲೆ ಬೀಳುವ ಆ ಉಪದೇಶ ನನಗೆ ಚಿಕ್ಕಂದಿನಿಂದಲೂ ಆಗುವುದಿಲ್ಲ. ದುಡಿದಿದ್ದೀವಿ, ತಿರುಗೋಣ. ಆ ಪಿಡಿಎಫ್‌ನಲ್ಲಿದ್ದ ದುಡ್ಡು ಕಟ್ಟುವ ಶಕ್ತಿ ನನಗಿದೆ. ಅದಕ್ಕೇ ಇದನ್ನು ನಾನು ಬರೆಯಬೇಕು. ಶಕ್ತಿ ಇಲ್ಲದವನು ಬರೆದರೆ ಹೊಟ್ಟೆಕಿಚ್ಚು ಅಂದುಬಿಡುತ್ತೀರಿ.

‘ಸ್ಮಾಲ್’ ಅನ್ನುವ ಮಾತನ್ನು ಮೊದಲು ನೋಡೋಣ. ಅದರ ಬಗ್ಗೆ ನನಗೆ ತಕರಾರಿಲ್ಲ, ನಿಜಕ್ಕೂ ಸಣ್ಣದಾಗಿದ್ದರೆ. 2024ರ ಜನವರಿಯಲ್ಲಿ ಯಾನ ಶುರು ಮಾಡಿದ ‘ಐಕಾನ್ ಆಫ್ ದಿ ಸೀಸ್’ ಹಡಗಿನಲ್ಲಿ ಕ್ಯಾಬಿನ್ನಿಗೆ ಇಬ್ಬರಂತೆ ಲೆಕ್ಕ ಹಾಕಿದರೂ 5,610 ಪ್ರಯಾಣಿಕರು. ಅದು ಹಡಗಲ್ಲ, ತಾಲ್ಲೂಕು ಕೇಂದ್ರ. ಅದರ ಪಕ್ಕ ನಿಲ್ಲಿಸಿದರೆ ಏನು ಬೇಕಾದರೂ ಸಣ್ಣದಾಗಿ ಕಾಣುತ್ತದೆ. ಹಾಗಾಗಿ 930 ಜನ ಹಿಡಿಸುವ ಹಡಗನ್ನೂ ‘ಸಣ್ಣ ಹಡಗು’ ಅಂತಲೇ ಮಾರುತ್ತಾರೆ. ನಮ್ಮೂರಿನಲ್ಲಿ ಜಾತ್ರೆಯ ದಿನ ಬಿಟ್ಟರೆ ಅಷ್ಟು ಜನ ಒಟ್ಟಿಗೆ ಸೇರುವುದಿಲ್ಲ. ನಿಜವಾದ ಸಣ್ಣ ಹಡಗುಗಳೂ ಇವೆ. ಐದು ಕಂಬಗಳ ಹಾಯಿಹಡಗು ‘ರಾಯಲ್ ಕ್ಲಿಪರ್’ 227 ಜನರದ್ದು, ‘ಸೀಡ್ರೀಮ್’ ಜೋಡಿ ಹಡಗುಗಳು ತಲಾ 112 ಜನರದ್ದು. 2023ರ ಜನವರಿಯಲ್ಲಿ ವಾರಾಣಸಿಯಿಂದ ಬಾಂಗ್ಲಾದೇಶದ ಮೂಲಕ ದಿಬ್ರೂಗಢಕ್ಕೆ 51 ದಿನಗಳ ಯಾನ ಹೊರಟ ನಮ್ಮ ‘ಗಂಗಾ ವಿಲಾಸ’ದಲ್ಲಿ 18 ಸೂಟು, 36 ಜನ. ಕ್ರೊಯೇಷಿಯಾದ ಕರಾವಳಿಯಲ್ಲಿ ಬೇಸಿಗೆಯಿಡೀ ಓಡಾಡುವ ಹಡಗುಗಳಲ್ಲಿ ಹೆಚ್ಚಿನವು ಹದಿನೆಂಟು ಇಪ್ಪತ್ತು ಕ್ಯಾಬಿನ್‌ಗಳವು.

ಸಣ್ಣ ಹಡಗಿನ ಪರವಾಗಿ ನಾನೇ ವಾದ ಮಾಡುತ್ತೇನೆ, ಕೇಳಿ. ದೊಡ್ಡ ಹಡಗಿಗೆ ದೊಡ್ಡ ಬಂದರು ಬೇಕು. ಅದು ಸಿಗದ ಕಡೆ ದೂರದಲ್ಲಿ ಲಂಗರು ಹಾಕಿ, ಜನರನ್ನು ಚಿಕ್ಕ ದೋಣಿಗಳಲ್ಲಿ ದಡಕ್ಕೆ ಸಾಗಿಸಿ, ಸಂಜೆಗೆ ಮುಂಚೆ ವಾಪಸ್ಸು ತುಂಬಿಕೊಳ್ಳಬೇಕು. ಊರು ನೋಡುವುದಕ್ಕೆ ಸಿಗುವ ಸಮಯ ಶಾಲೆಯ ಪ್ರವಾಸದ ಹಾಗೆ. ಊರಿನವರಿಗೂ ಇದು ಸಾಕಾಗಿದೆ. ವೆನಿಸ್‌ನಲ್ಲಿ 2021ರ ಆಗಸ್ಟ್ 1ರಿಂದ 25,000 ಟನ್ನೇಜ್ ಮೀರಿದ ಹಡಗುಗಳು ಊರಿನ ಎದುರಿನ ಕಾಲುವೆಗೆ ಬರುವಂತಿಲ್ಲ. ಡುಬ್ರೋವ್ನಿಕ್ ಕೂಡ ಒಮ್ಮೆಗೆ ಬರುವ ಹಡಗುಗಳಿಗೆ ಮಿತಿ ಹಾಕಿಕೊಂಡಿದೆ. ಇಪ್ಪತ್ತು ಕ್ಯಾಬಿನ್ನಿನ ಹಡಗಾದರೆ ಹ್ವಾರ್, ಕೊರ್ಚುಲಾ, ವಿಸ್ ದ್ವೀಪಗಳ ಊರೊಳಗಿನ ಕಟ್ಟೆಗೇ ಹಗ್ಗ ಕಟ್ಟಿ ರಾತ್ರಿ ಅಲ್ಲೇ ನಿಲ್ಲುತ್ತದೆ. ವಿಸ್ ದ್ವೀಪ ಯುಗೊಸ್ಲಾವಿಯಾ ಕಾಲದಲ್ಲಿ ಸೇನಾ ನೆಲೆಯಾಗಿತ್ತು, 1989ರವರೆಗೆ ವಿದೇಶಿಯರಿಗೆ ಪ್ರವೇಶವೇ ಇರಲಿಲ್ಲ. ಹಾಗಾಗಿಯೇ ಇವತ್ತಿಗೂ ಅಲ್ಲಿ ದೊಡ್ಡ ಹೋಟೆಲುಗಳ ಗೋಡೆ ಎದ್ದಿಲ್ಲ. ಅಂಥ ಕಡೆ ಊಟ ಮುಗಿಸಿ ಎಂಟು ಜನ ಗೆಳೆಯರು ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತರೆ ಯಾರು ಬೇಡ ಅಂತಾರೆ?

ಆದ್ದರಿಂದ ‘ಸ್ಮಾಲ್’ ಒಪ್ಪಿದೆ. ‘ಕ್ರೂಸ್’ ಕೂಡ ಒಪ್ಪಿದೆ. ತೊಡಕಿರುವುದು ನಡುವಿನ ಪದದಲ್ಲಿ.

ಲಕ್ಷುರಿ ಅಂತ ಇವರು ಮಾರುವುದರಲ್ಲಿ ಮೂರು ಸಂಗತಿಗಳಿವೆ. ಒಂದು, ‘ಎಲ್ಲವೂ ಸೇರಿ’ ಅನ್ನುವ ದರ. ಟಿಪ್ಸು, ಶಾಂಪೇನು, ಕಾಕ್‌ಟೇಲು, ವೈನು ಎಲ್ಲ ಸೇರಿದೆ, ಕೈ ಬೀಸಿಕೊಂಡು ಬನ್ನಿ ಅಂತಾರೆ. ನಮ್ಮ ಎಂಟು ಜನರಲ್ಲಿ ಮೂವರು ಕುಡಿಯುವುದಿಲ್ಲ, ಇಬ್ಬರು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅವರು ಕೊಡುವ ದುಡ್ಡಿನಲ್ಲಿ ಪಕ್ಕದ ಮೇಜಿನವರು ಸಿಗಡಿ ತಿಂದು ವೈನು ಕುಡಿಯುತ್ತಾರೆ. ಧರ್ಮಛತ್ರ ಕಟ್ಟಿಸಿದ ಪುಣ್ಯವಾದರೂ ಬರುತ್ತದೋ ಏನೋ.

ಎರಡು, ಒಂಟಿಯಾಗಿ ಬರುವವರಿಗೆ ಹಾಕುವ ದಂಡ. ಇದಕ್ಕೆ ಅವರಿಟ್ಟ ಹೆಸರು ಸಿಂಗಲ್ ಸಪ್ಲಿಮೆಂಟ್. ದರ ಇರುವುದು ಇಬ್ಬರ ಕ್ಯಾಬಿನ್ನಿಗೆ, ಒಬ್ಬರೇ ಬಂದರೆ ಖಾಲಿ ಹಾಸಿಗೆಯ ದುಡ್ಡನ್ನೂ ಅವರೇ ಕೊಡಬೇಕು. ಕೆಲವು ಕಡೆ ಅರ್ಧ ಜಾಸ್ತಿ, ಕೆಲವು ಕಡೆ ಪೂರ್ತಿ ಎರಡು ಪಟ್ಟು. ಲೆಕ್ಕಕ್ಕೆ ದಿನಕ್ಕೆ ತಲೆಗೆ 600 ಡಾಲರ್ ಅಂತ ಇಟ್ಟುಕೊಳ್ಳಿ. ಏಳು ರಾತ್ರಿಗೆ 4,200. ಡಾಲರಿಗೆ 85 ರೂಪಾಯಿ ಹಿಡಿದರೂ 3,57,000 ರೂಪಾಯಿ. ಗಂಡ ಹೆಂಡತಿಗೆ 7,14,000. ಎರಡು ಪಟ್ಟು ದಂಡವಿದ್ದರೆ ನಮ್ಮ ಗೆಳತಿಗೂ 7,14,000. ಮದುವೆ ಮುರಿದಿದ್ದಕ್ಕೆ ನೆಂಟರು ಚುಚ್ಚಿದ್ದು ಸಾಲದು ಅಂತ ಈಗ ಹಡಗಿನವನೂ ಶುಲ್ಕ ಹಾಕುತ್ತಾನೆ. ಅವಳ ಒಂದು ಸಾಲಿನ ಪ್ರಶ್ನೆಗೆ ಗುಂಪಿನಲ್ಲಿ ಇಂದಿಗೂ ಯಾರೂ ಉತ್ತರ ಕೊಟ್ಟಿಲ್ಲ. ಉತ್ತರ ಗೊತ್ತಿಲ್ಲದೆ ಅಲ್ಲ.

ಈ ಲೆಕ್ಕದ ಮೇಲೆ ವಿಮಾನ ಬೇರೆ. ಬೆಂಗಳೂರಿನಿಂದ ಸ್ಪ್ಲಿಟ್‌ಗೆ ನೇರ ವಿಮಾನವಿಲ್ಲ. ಷೆಂಗೆನ್ ವೀಸಾ, ವಿಮೆ, ಯಾನಕ್ಕೆ ಮುಂಚಿನ ರಾತ್ರಿಯ ಹೋಟೆಲು, ಎಲ್ಲ ಸೇರಬೇಕು. ಸರ್ಕಾರಿ ನೌಕರನಾದರೆ ಇಲಾಖೆಯ ಅನುಮತಿಯ ಕಾಗದಕ್ಕೆ ಅಲೆಯಬೇಕು.

ಮೂರನೆಯದು ಆಳುಗಳ ಲೆಕ್ಕ. ಮೇಲೆ ಹೇಳಿದ 112 ಜನರ ಹಡಗಿನಲ್ಲಿ ಸಿಬ್ಬಂದಿ ಸುಮಾರು 95. ಬ್ರೋಷರುಗಳಲ್ಲಿ ಇಂಥ ಅನುಪಾತವನ್ನು ಹೆಮ್ಮೆಯಿಂದ ಅಚ್ಚು ಹಾಕುತ್ತಾರೆ, ಒಬ್ಬ ಅತಿಥಿಗೆ ಹೆಚ್ಚುಕಡಿಮೆ ಒಬ್ಬ ಆಳು ಅಂತ. ಆ ಆಳು ಯಾರು? ಫಿಲಿಪ್ಪೀನ್ಸ್‌ನವನು, ಇಂಡೊನೇಷ್ಯಾದವನು, ಗೋವಾದವನು, ನಮ್ಮ ಮಂಗಳೂರು ಕಡೆಯವನೂ ಇರಬಹುದು. ಹಡಗುಗಳ ಕೆಲಸಕ್ಕೆಂದೇ ಇರುವ 2006ರ ಅಂತರರಾಷ್ಟ್ರೀಯ ಒಪ್ಪಂದ ಇದೆ. ಅದರ ಪ್ರಕಾರ ವಾರಕ್ಕೆ 72 ಗಂಟೆ, ದಿನಕ್ಕೆ 14 ಗಂಟೆಯವರೆಗೂ ದುಡಿಸಬಹುದು. ವಾರಕ್ಕೆ ಇಷ್ಟು ಗಂಟೆ ದುಡಿಯಬೇಕು ಅಂತ ನಮ್ಮ ಕಂಪನಿ ದೊಡ್ಡವರು ಹೇಳಿದಾಗ ನಾವೆಲ್ಲ ಗುಂಪಿನಲ್ಲಿ ಎಷ್ಟು ಮೀಮ್ ಹಂಚಿಕೊಂಡಿದ್ದೆವು! ಹಡಗಿನ ಹುಡುಗನಿಗೆ ಅದು ಕಾನೂನು. ಹಡಗಿನಲ್ಲಿ ನಾವು ಕೇಳುವ ಪ್ರಶ್ನೆ ಮಾತ್ರ, ‘ಮಾವಿನಹಣ್ಣಿನ ಜ್ಯೂಸು ಇಲ್ವಾ?’

ಇಷ್ಟೆಲ್ಲ ಇದ್ದರೂ ‘ನಮ್ಮ ದುಡ್ಡು, ನಮ್ಮಿಷ್ಟ’ ಅಂದರೆ ನಾನು ಸುಮ್ಮನಾಗುತ್ತಿದ್ದೆ. ಹೆಂಡತಿಯ ಜೊತೆ ಹೋಗಪ್ಪ, ಫೋಟೊ ಹಾಕು, ಲೈಕ್ ಒತ್ತುತ್ತೇನೆ. ಆದರೆ ‘ಗೆಳೆಯರ ಜೊತೆ’ ಅಂದ ಕ್ಷಣ ಅದು ನಿನ್ನ ದುಡ್ಡು ಮಾತ್ರವಲ್ಲ, ಏಳು ಮನೆಗಳ ದುಡ್ಡು. ಅಲ್ಲಿ ‘ನನ್ನಿಷ್ಟ’ ನಡೆಯುವುದಿಲ್ಲ.

ನಮ್ಮೂರಿನಲ್ಲಿ ಮುಯ್ಯಿ ಅಂತ ಒಂದಿತ್ತು, ಈಗಲೂ ಇದೆ. ಮದುವೆಯ ಚಪ್ಪರದ ಬಾಗಿಲಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂರುತ್ತಾರೆ. ಬಂದವರು ಐವತ್ತೋ ನೂರೋ ಕೊಡುತ್ತಾರೆ, ಹೆಸರು ಬರೆಸುತ್ತಾರೆ. ನಾಳೆ ಅವರ ಮನೆಯಲ್ಲಿ ಮದುವೆಯಾದಾಗ ಆ ಪುಸ್ತಕ ತೆಗೆದು ನೋಡಿ ಅಷ್ಟನ್ನೋ, ಇನ್ನಷ್ಟು ಸೇರಿಸಿಯೋ ತೀರಿಸಬೇಕು. ಇದನ್ನು ಹೊಗಳಲು ನಾನು ಇಲ್ಲಿ ಕೂತಿಲ್ಲ. ಮುಯ್ಯಿ ತೀರಿಸಲು ಕೈಸಾಲ ಮಾಡಿದವರನ್ನು ಕಂಡಿದ್ದೇನೆ. ಆದರೂ ಅದರಲ್ಲಿ ಎರಡು ಮರ್ಯಾದೆಗಳಿದ್ದವು. ಮೊದಲನೆಯದು, ಎಷ್ಟು ಅನ್ನುವುದನ್ನು ಕೊಡುವವನು ಹೇಳುತ್ತಿದ್ದ, ಕರೆದವನಲ್ಲ. ಎರಡನೆಯದು, ಹತ್ತು ರೂಪಾಯಿ ಬರೆಸಿದವನಿಗೂ ಸಾವಿರ ಬರೆಸಿದವನಿಗೂ ಎಲೆಯ ಮೇಲೆ ಬೀಳುವ ಪಾಯಸ ಒಂದೇ.

ನಮ್ಮ ನಲವತ್ತರ ಕ್ರೂಸಿನಲ್ಲಿ ಈ ಎರಡೂ ತಿರುಗುಮುರುಗಾಗಿವೆ. ಎಷ್ಟು ಕೊಡಬೇಕು ಅನ್ನುವುದನ್ನು ಕರೆದವನೇ ಬರೆದು ಕಳಿಸುತ್ತಾನೆ, ಮುಂಗಡದ ಕೊನೆಯ ದಿನಾಂಕದ ಸಮೇತ. ಇನ್ನು ಪಾಯಸ? ಕೆಳಗಿನ ಡೆಕ್ಕಿನಲ್ಲಿ ದುಂಡನೆಯ ಸಣ್ಣ ಕಿಟಕಿಯ ಕ್ಯಾಬಿನ್ನಿಗೆ ಒಂದು ದರ, ಮೇಲಿನ ಡೆಕ್ಕಿನಲ್ಲಿ ಬಾಲ್ಕನಿಯಿದ್ದರೆ ಇನ್ನೊಂದು ದರ. ‘ಬಜೆಟ್ ನೋಡ್ಕೊಂಡು ಯಾವುದಾದ್ರೂ ತಗೊಳ್ರೋ’ ಅಂದರೆ ಏನಾಗುತ್ತದೆ? ಮೇಷ್ಟ್ರು ನೀರಿನ ಮಟ್ಟದಲ್ಲಿ ಮಲಗುತ್ತಾನೆ, ಅವನ ತಲೆಯ ಮೇಲೆ ನಾವು ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತೇವೆ. ಹಾಸ್ಟೆಲಿನಲ್ಲಿ ಒಂದೇ ಬಕೆಟಿನ ಬಿಸಿನೀರು ಹಂಚಿಕೊಂಡವರು! ಏಳು ರಾತ್ರಿ ಹೀಗೆ ಮಲಗಿ ಎದ್ದ ಮೇಲೆ ಯಾವ ಗ್ರೂಪ್ ಫೋಟೊ ತೆಗೆದರೂ ಒಂದೇ.

‘ಅಷ್ಟೇ ತಾನೆ, ಅವನದ್ದು ನಾವೇ ಹಾಕ್ಕೋತೀವಿ ಬಿಡೋ’ ಅಂದ ಒಬ್ಬ ನನಗೆ ಬೇರೆಯಾಗಿ ಫೋನು ಮಾಡಿ. ಒಳ್ಳೆಯ ಮನಸ್ಸು, ಅನುಮಾನವಿಲ್ಲ. ಆದರೆ ಒಬ್ಬನ ಟಿಕೆಟ್ಟನ್ನು ಉಳಿದವರು ಕೊಂಡ ಮೇಲೆ ಅವನು ಗೆಳೆಯನಾಗಿ ಬರುವುದಿಲ್ಲ, ಫಲಾನುಭವಿಯಾಗಿ ಬರುತ್ತಾನೆ. ‘ಇವತ್ತು ದೋಣಿ ಬೇಡ, ಸುಸ್ತಾಗಿದೆ’ ಅನ್ನಲು ಹಿಂಜರಿಯುತ್ತಾನೆ. ಯಾವ ಜೋಕಿಗೂ ಮೊದಲು ನಗುತ್ತಾನೆ. ವೀಸಾ ಅಧಿಕಾರಿಗೆ ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸಲೇಬೇಕು, ಸರಿ. ಗೆಳೆಯರ ಮುಂದೂ ಅದನ್ನು ಹಿಡಿದು ನಿಲ್ಲಬೇಕಾ?

‘ಹಾಗಾದ್ರೆ ಏನ್ ಮಾಡ್ಬೇಕು ಸ್ವಾಮಿ, ಕೊಡಚಾದ್ರಿಗೆ ಹೋಗಿ ಚಿತ್ರಾನ್ನ ತಿನ್ನೋಣವೇ?’ ಅಂತ ಕೇಳುವವರಿಗೆ: ತಿನ್ನಬಹುದು, ಏನೂ ಕೆಟ್ಟದ್ದಲ್ಲ. ಆದರೆ ಹಡಗೇ ಬೇಕು ಅಂದರೂ ದಾರಿಯಿದೆ. ನಾವು ದಿನಾ ಆಫೀಸಿನಲ್ಲಿ ಮಾಡುವುದನ್ನೇ ಮಾಡಿದರೆ ಸಾಕು.

ಸಾಫ್ಟ್‌ವೇರ್‌ನವರಿಗೆ ಪ್ಲಾನಿಂಗ್ ಪೋಕರ್ ಗೊತ್ತು. ಒಂದು ಕೆಲಸಕ್ಕೆ ಎಷ್ಟು ಶ್ರಮ ಬೇಕು ಅಂತ ಅಂದಾಜು ಮಾಡುವಾಗ ಎಲ್ಲರೂ ತಮ್ಮ ಸಂಖ್ಯೆಯ ಕಾರ್ಡನ್ನು ಮುಚ್ಚಿಟ್ಟುಕೊಂಡು ಒಟ್ಟಿಗೇ ತೆರೆಯಬೇಕು. ಯಾಕೆ? ಸೀನಿಯರ್ ಮೊದಲು ‘ಮೂರು’ ಅಂದುಬಿಟ್ಟರೆ ಹೊಸ ಹುಡುಗ ಮನಸ್ಸಿನಲ್ಲಿ ಎಂಟು ಇದ್ದರೂ ‘ಹೌದು ಸಾರ್, ಮೂರು’ ಅನ್ನುತ್ತಾನೆ. ಒಂದು ಲಾಗಿನ್ ಪುಟ ಬರೆಯುವ ಕೆಲಸಕ್ಕೆ ಇಷ್ಟು ಎಚ್ಚರಿಕೆ ವಹಿಸುವ ನಾವು, ಇಪ್ಪತ್ತು ವರ್ಷದ ಸ್ನೇಹದ ವಿಷಯದಲ್ಲಿ ಮೊದಲು ದರಪಟ್ಟಿ ಹಾಕಿ ಆಮೇಲೆ ‘ಎಲ್ರಿಗೂ ಓಕೆನಾ?’ ಅಂತ ಕೇಳುತ್ತೇವೆ. ಇದರ ಬದಲು, ಯಾವ ಹಡಗಿನ ಚಿತ್ರವೂ ಗುಂಪಿಗೆ ಬೀಳುವ ಮುಂಚೆ, ಹೆಸರು ಕೇಳದ ಒಂದು ಗೂಗಲ್ ಫಾರ್ಮು. ಒಂದೇ ಪ್ರಶ್ನೆ: ವಿಮಾನ, ವೀಸಾ ಎಲ್ಲ ಸೇರಿ, ಮನೆಯಲ್ಲಿ ಮಾತು ಬಾರದ ಹಾಗೆ ಎಷ್ಟು ಖರ್ಚು ಮಾಡಬಲ್ಲೆ? ಬಂದ ಎಂಟು ಸಂಖ್ಯೆಗಳಲ್ಲಿ ಅತಿ ಚಿಕ್ಕದು ಯಾವುದೋ ಅದೇ ನಮ್ಮ ಬಜೆಟ್ಟು. ಸರಾಸರಿ ಅಲ್ಲ. ಸರಾಸರಿ ತೆಗೆದರೆ ಅಮೆರಿಕದ ಸಂಬಳ ಶುಂಠಿಯ ಲಾಸನ್ನು ಮುಚ್ಚಿಹಾಕುತ್ತದೆ, ಕಾಗದದ ಮೇಲೆ ಮಾತ್ರ.

ಎರಡನೆಯದು, ತಲೆ ಲೆಕ್ಕದ ಟಿಕೆಟ್ ಬಿಟ್ಟು ಇಡೀ ದೋಣಿ ಹಿಡಿಯಿರಿ. ಟರ್ಕಿಯ ಬೊಡ್ರಮ್ ಕಡೆ ಗುಲೆಟ್ ಅಂತ ಮರದ ದೋಣಿಗಳಿವೆ. ಮೊದಲು ಮೀನು, ಸರಕು ಸಾಗಿಸುತ್ತಿದ್ದವು, ಈಗ ಆರು, ಎಂಟು ಕ್ಯಾಬಿನ್ ಮಾಡಿ ವಾರದ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾರೆ. ನಾಲ್ಕೈದು ಜನ ಸಿಬ್ಬಂದಿ, ಅಡುಗೆಯವನೂ ಸೇರಿ. 1925ರಲ್ಲಿ ಬೊಡ್ರಮ್‌ಗೆ ಗಡಿಪಾರಾಗಿ ಬಂದ ಜೆವಾತ್ ಶಾಕಿರ್ ಅನ್ನುವ ಲೇಖಕ, ಸ್ಪಂಜು ತೆಗೆಯುವವರ ದೋಣಿಗಳಲ್ಲಿ ಸ್ನೇಹಿತರನ್ನು ಕಟ್ಟಿಕೊಂಡು ಆ ಕರಾವಳಿ ಸುತ್ತಿ, ಇಂಥ ಯಾನಗಳನ್ನು ಜನಪ್ರಿಯ ಮಾಡಿದ. ಈಗ ಕೋಟಿಗಟ್ಟಲೆ ವ್ಯಾಪಾರವಾಗಿರುವ ಈ ‘ನೀಲಿ ಯಾನ’ದ ಮೂಲ, ಕಾಸಿಲ್ಲದ ಬರಹಗಾರರು ದೋಣಿಯಲ್ಲಿ ಒಟ್ಟಿಗೆ ಮಲಗಿದ್ದು. ಟರ್ಕಿ ಅಂದರೆ 2025ರ ಮೇ ತಿಂಗಳ ನಂತರ ನಮ್ಮ ಗುಂಪಿನಲ್ಲಿ ಬೇರೆಯದೇ ಗಲಾಟೆ ಏಳುತ್ತದೆ, ಗೊತ್ತು. ಬೇಡವೆಂದರೆ ಬೇಡ, ಅಂಥದ್ದೇ ದೋಣಿಗಳು ಕ್ರೊಯೇಷಿಯಾದ ಸ್ಪ್ಲಿಟ್‌ನಲ್ಲೂ ಸಿಗುತ್ತವೆ. ಅಷ್ಟು ದೂರವೂ ಬೇಡ ಅಂತ ಆ ಚಿಕ್ಕ ಸಂಖ್ಯೆ ಹೇಳಿದರೆ ಅಲಪ್ಪುಳದ ಕೆಟ್ಟುವಳ್ಳಂ ಇದೆ. ಅದೂ ಹಿಂದೆ ಮೊಳೆಯಿಲ್ಲದೆ ತೆಂಗಿನ ನಾರಿನ ಹುರಿಯಲ್ಲಿ ಹೊಲಿದ ಅಕ್ಕಿ ಸಾಗಿಸುವ ದೋಣಿಯೇ. ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿದರೆ ಆಯಿತು.

ಇಡೀ ದೋಣಿ ಹಿಡಿದಾಗ ಲೆಕ್ಕ ಪೂರ್ತಿ ಬದಲಾಗುತ್ತದೆ. ಬಾಡಿಗೆ ದೋಣಿಗೆ, ತಲೆಗೆ ಅಲ್ಲ. ಆದ್ದರಿಂದ ಒಂಟಿ ದಂಡವನ್ನು ಹೊರಗಿನವನು ಹಾಕಲು ಬರುವುದಿಲ್ಲ. ಕುಡಿಯದವನು ಕುಡಿಯುವವನ ಬಿಲ್ ಕಟ್ಟಬೇಕಿಲ್ಲ. ಅಡುಗೆಯವನಿಗೆ ‘ಇಬ್ಬರಿಗೆ ಮೊಟ್ಟೆಯೂ ಇಲ್ಲ’ ಅಂತ ಮೊದಲೇ ಹೇಳಬಹುದು. ಊಟ, ಇಂಧನ, ಬಂದರು ಶುಲ್ಕ ಬಾಡಿಗೆಯಲ್ಲಿ ಸೇರಿದೆಯೋ ಇಲ್ಲವೋ ಕೇಳಿ ಬರೆಸಿಕೊಳ್ಳಿ, ಅಲ್ಲೇ ಹೆಚ್ಚಿನ ತಕರಾರು ಹುಟ್ಟುವುದು. ಸಿಬ್ಬಂದಿಗೆ ಬಿಡುವಿನ ಹೊತ್ತು ಯಾವಾಗ ಅಂತಲೂ ಕೇಳಿ, ನಾಚಿಕೆ ಬೇಡ. ಕ್ಯಾಬಿನ್ನುಗಳನ್ನು ಚೀಟಿ ಎತ್ತಿ ಹಂಚಿಕೊಳ್ಳಿ. ಮೇಷ್ಟ್ರಿಗೆ ದೊಡ್ಡ ಕ್ಯಾಬಿನ್ ಬಂದರೆ ಬರಲಿ. ಅಮೆರಿಕದವನು ಎಂಜಿನ್ ರೂಮಿನ ಪಕ್ಕ ಮಲಗಿದರೆ ನಲವತ್ತಕ್ಕೆ ಏನೂ ಊನವಾಗುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಹುಟ್ಟುಹಬ್ಬ ಯಾರದೋ ದೋಣಿಯ ಬಾಡಿಗೆ ಅವರದು. ಬಂದವರು ತಮ್ಮ ದಾರಿಖರ್ಚು ನೋಡಿಕೊಳ್ಳಲಿ, ದಿನಸಿಗೆ ಕೈಲಾದಷ್ಟು ಹಾಕಲಿ, ಎಷ್ಟೆಂದು ಯಾರೂ ಕೇಳದ ಹಾಗೆ. ಒಬ್ಬ ಅತಿಥಿಯ ಟಿಕೆಟ್ ಕೊಡಿಸುವುದು ದಾನ. ಎಲ್ಲರಿಗೂ ಸೇರಿ ಚಪ್ಪರ ಹಾಕಿಸುವುದು ಆತಿಥ್ಯ. ‘ಅಷ್ಟು ದುಡ್ಡು ನನ್ನೊಬ್ಬನ ಕೈಲಿ ಆಗಲ್ಲ’ ಅಂದರೆ? ಹಾಗಾದರೆ ಅಷ್ಟು ದೊಡ್ಡ ಹಬ್ಬ ನಿನ್ನ ಶಕ್ತಿಗೆ ಮೀರಿದ್ದು ಕಣಪ್ಪ. ಚಿಕ್ಕ ದೋಣಿ ನೋಡು, ನಾಲ್ಕೇ ದಿನ ನೋಡು, ಹತ್ತಿರದ ನೀರು ನೋಡು. ನಿನ್ನ ಕೈಯಲ್ಲಾಗದ್ದನ್ನು ಮೇಷ್ಟ್ರ ಕೈಯಲ್ಲಿ ಮಾಡಿಸುವುದು ಯಾವ ನ್ಯಾಯ?

‘ನಲವತ್ತು ಒಂದೇ ಸಲ ಬರೋದು’ ಅನ್ನುವ ಮಾತಿಗೂ ಉತ್ತರ ಹೇಳಿಬಿಡುತ್ತೇನೆ. ಮೂವತ್ತೊಂಬತ್ತೂ ಒಂದೇ ಸಲ ಬರುವುದು, ನಲವತ್ತೊಂದೂ. ನಮ್ಮ ಹಿರಿಯರು ಅರವತ್ತಕ್ಕೆ ಶಾಂತಿ ಮಾಡಿಸುತ್ತಿದ್ದರು, ಅದೂ ಬದುಕಿದ್ದರೆ. ನಲವತ್ತು ದೊಡ್ಡ ಸಂಖ್ಯೆಯಾಗಿದ್ದು ಕೇಕ್ ಅಂಗಡಿಯವರಿಂದ. ಆದರೂ ನಲವತ್ತಕ್ಕೆ ಒಂದು ವಿಶೇಷವಿದೆ, ಒಪ್ಪುತ್ತೇನೆ. ಇಪ್ಪತ್ತರಲ್ಲಿ ನಾವು ಎಂಟೂ ಜನ ಒಂದೇ ಥರ ಬಡವರಾಗಿದ್ದೆವು. ನಲವತ್ತಕ್ಕೆ ಬರುವಷ್ಟರಲ್ಲಿ ಒಬ್ಬೊಬ್ಬರದು ಒಂದೊಂದು ದಾರಿ. ಒಬ್ಬನಿಗೆ ಷೇರು, ಒಬ್ಬನಿಗೆ ಸಾಲ, ಒಬ್ಬಳಿಗೆ ಕೋರ್ಟು, ಒಬ್ಬನಿಗೆ ಕೊಳೆರೋಗ. ಸ್ನೇಹ ಉಳಿಯುವುದಾದರೆ ಈ ವ್ಯತ್ಯಾಸದ ಮೇಲೆ ಚಪ್ಪಡಿ ಹಾಕಿ ನಡೆದಾಡಲು ಕಲಿಯಬೇಕಾದ ವಯಸ್ಸು ಇದು. ಆ ಹೊತ್ತಿನಲ್ಲಿ ಡೆಕ್ಕು ಡೆಕ್ಕಿಗೆ ದರ ಹಚ್ಚಿದ ಹಡಗು ಹತ್ತಿಸುತ್ತೀರಲ್ಲ, ಏನನ್ನಬೇಕು ನಿಮಗೆ?

ಅಮೆರಿಕದ ಗೆಳೆಯ ಇದನ್ನು ಓದುತ್ತಾನೆ, ಬೈಯುತ್ತಾನೆ, ಬೈಯಲಿ. ಅವನಿಗೆ ನನ್ನದು ಇಷ್ಟೇ ಮಾತು: ಲೋ, ಆ ಪಿಡಿಎಫ್ ತೆಗೆದುಬಿಡು. ಮೇಷ್ಟ್ರಿಗೆ ನೀನೇ ಫೋನು ಮಾಡು, ಅವನ ಮಗಳ ಪರೀಕ್ಷೆ ಯಾವತ್ತು ಮುಗಿಯುತ್ತೆ ಕೇಳು. ಆ ದಿನ ನೋಡಿಕೊಂಡು ದೋಣಿ ಹುಡುಕೋಣ.